ಚೇಂಬರ್ ಮ್ಯೂಸಿಕ್: ಬೈಠಕ್ಕಲ್ಲ, ತಾಳಮದ್ದಳೆ

ಚೇಂಬರ್ ಎಂದರೆ ಶಿರಸಿ ಪೇಟೆಯಲ್ಲಿ ಎರಡೇ ಅರ್ಥ. ಒಂದು ವಕೀಲರು ಕೂರುವ ಕೋಣೆ. ಇನ್ನೊಂದು ಬಚ್ಚಲ ನೀರು ಹೋಗಲಿಕ್ಕೆ ಪ್ಲಂಬರ್ ಕಟ್ಟಿಸುವ ಗುಂಡಿ. ಹಾಗಾಗಿ ಹೊರದೇಶದಲ್ಲಿರುವ ಮಗಳು ಫೋನಿನಲ್ಲಿ ಚೇಂಬರ್ ಮ್ಯೂಸಿಕ್ ಸೀಸನ್‌ಗೆ ಟಿಕೆಟ್ ತೆಗೆದಿದ್ದೇನೆ ಎಂದರೆ ಇಲ್ಲಿ ಅಪ್ಪ ಸುಮ್ನೆ ಹ್ಞೂಂ ಅಂದುಬಿಡುತ್ತಾರೆ. ಈ ಬರಹ ಅಂಥ ಅಪ್ಪಂದಿರಿಗೆ.

ಒಂದು ಕೋಣೆಯಲ್ಲಿ ಕೂತು ನುಡಿಸಬಹುದಾದಷ್ಟು ಚಿಕ್ಕ ತಂಡಕ್ಕೆಂದು ಬರೆದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಚೇಂಬರ್ ಮ್ಯೂಸಿಕ್. ತಂಡದಲ್ಲಿ ಇಬ್ಬರಿಂದ ಹಿಡಿದು ಎಂಟೊಂಬತ್ತು ಜನ. ಮೂವರಿದ್ದರೆ ಟ್ರಿಯೋ, ನಾಲ್ವರಿದ್ದರೆ ಕ್ವಾರ್ಟೆಟ್, ಐವರಿದ್ದರೆ ಕ್ವಿಂಟೆಟ್, ಎಂಟು ಜನರಾದರೆ ಆಕ್ಟೆಟ್. ಆದರೆ ಜನ ಕಡಿಮೆ ಇರುವುದಷ್ಟೇ ಇದರ ಲಕ್ಷಣ ಅಲ್ಲ. ಇಲ್ಲಿ ಒಬ್ಬೊಬ್ಬರಿಗೂ ಬೇರೆಯದೇ ಸಾಲು ಬರೆದಿರುತ್ತಾರೆ. ಆರ್ಕೆಸ್ಟ್ರಾದಲ್ಲಿ ಹತ್ತಾರು ವಯಲಿನ್‌ಗಳು ಒಂದೇ ಸಾಲು ನುಡಿಸುತ್ತವೆ. ಒಬ್ಬ ತಪ್ಪಿದರೆ ಪಕ್ಕದವನಿಗೂ ಗೊತ್ತಾಗುವುದಿಲ್ಲ. ಕ್ವಾರ್ಟೆಟ್‌ನಲ್ಲಿ ಒಬ್ಬ ತಪ್ಪಿದರೆ ಕೊನೇ ಸಾಲಿನಲ್ಲಿ ಕೂತವನಿಗೂ ಗೊತ್ತಾಗುತ್ತದೆ. ಕೋಲು ಬೀಸುವ ಕಂಡಕ್ಟರ್ ಕೂಡ ಇಲ್ಲ. ಮೊದಲ ವಯಲಿನ್‌ನವರು ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಳ್ಳುತ್ತಾರೆ, ಬಿಲ್ಲು ಒಂಚೂರು ಏಳುತ್ತದೆ. ಉಳಿದ ಮೂವರಿಗೆ ಅದೇ ಸನ್ನೆ. ಮುಂದಿನ ಸಾಲಿನಲ್ಲಿ ಕೂತರೆ ಆ ಉಸಿರೂ ಕೇಳಿಸುತ್ತದೆ.

"ಓ, ಹಾಗಾದರೆ ನಮ್ಮ ಬೈಠಕ್ಕು" ಎನ್ನುವವರು ಇಲ್ಲಿ ತುಂಬಾ ಜನ. ಹೇಳುವುದರಲ್ಲಿ ತಪ್ಪೂ ಇಲ್ಲ. ಯಲ್ಲಾಪುರದ ಹಾಸಣಗಿಯಿಂದ ಹಿಂದೂಸ್ತಾನಿ ಗಾಯಕ ಗಣಪತಿ ಭಟ್ಟರು ಬಂದ ಸೀಮೆ ಇದು. ಅವರು ಬಸವರಾಜ ರಾಜಗುರುಗಳ ಶಿಷ್ಯರು. ಜಗುಲಿಯಲ್ಲಿ ಕಂಬಳಿ ಹಾಸಿ, ಕವಳದ ಹರಿವಾಣ ಇಟ್ಟು, ತಂಬೂರಿ ಶ್ರುತಿ ಮಾಡಿದರೆ ಆಯ್ತು, ಹಿಂದೂಸ್ತಾನಿ ಗಾಯನ ಕೇಳಲು ಸಭಾಭವನವೇ ಬೇಕೆಂದಿಲ್ಲ. ಜಾಗ ಸಣ್ಣದು, ಕೇಳುವವರು ಕಾಲಬುಡದಲ್ಲೇ. ಅಷ್ಟರ ಮಟ್ಟಿಗೆ ಎರಡೂ ಒಂದೇ. ಆದರೆ ಬೈಠಕ್ಕಿನಲ್ಲಿ ಗಾಯಕರೇ ಯಜಮಾನರು. ಹಾರ್ಮೋನಿಯಂ, ತಬಲಾ ಎಷ್ಟೇ ಸೊಗಸಾಗಿರಲಿ, ಅವಕ್ಕೆ ಸಾಥ್ ಎಂದೇ ಹೆಸರು. ಚೇಂಬರ್ ಮ್ಯೂಸಿಕ್ಕಿನಲ್ಲಿ ಸಾಥ್ ಕೊಡಲಿಕ್ಕೆಂದೇ ಕೂತವರು ಯಾರೂ ಇಲ್ಲ.

ನನ್ನನ್ನು ಕೇಳಿದರೆ ಇದಕ್ಕೆ ಹತ್ತಿರದ ನೆಂಟ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಎದುರು ಬದುರು ಕೂತು ಮಾತು. ವಾಲಿ ಕೇಳಿದ ಪ್ರಶ್ನೆಗೆ ರಾಮ ಉತ್ತರ ಕೊಡಲೇಬೇಕು. ರಾಮನ ಮಾತಿನಲ್ಲಿ ಸಿಕ್ಕ ಎಳೆಯೊಂದನ್ನು ಹಿಡಿದು ವಾಲಿ ಮತ್ತೆ ಎಳೆಯುತ್ತಾನೆ. ಎದುರಿನ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವ, ಗಟ್ಟಿಯಾಗಿದ್ದರೆ ಮಾತ್ರ ಪ್ರಸಂಗ ಏರುತ್ತದೆ. ಕ್ವಾರ್ಟೆಟ್ ನಡೆಯುವುದೂ ಹೀಗೇ. ಮೊದಲ ವಯಲಿನ್ ಎತ್ತಿದ ಮಾತನ್ನು ಚೆಲ್ಲೋ ಎಂಬ ದೊಡ್ಡ ತಂತಿವಾದ್ಯ ತನ್ನ ದಪ್ಪ ದನಿಯಲ್ಲಿ ತಿರುಗಿಸಿ ಹೇಳುತ್ತದೆ, ಎರಡನೇ ವಯಲಿನ್ ಮಧ್ಯೆ ಬಾಯಿ ಹಾಕುತ್ತದೆ. ದೊಡ್ಡ ವ್ಯತ್ಯಾಸ ಒಂದಿದೆ: ಅರ್ಥಧಾರಿ ತನ್ನ ಮಾತನ್ನು ಅಲ್ಲೇ ಕಟ್ಟುತ್ತಾನೆ, ಇವರು ಬರೆದಿಟ್ಟದ್ದನ್ನು ನುಡಿಸುತ್ತಾರೆ. ಒಂದು ಸ್ವರವನ್ನೂ ಬದಲಿಸುವಂತಿಲ್ಲ. ಎಲ್ಲಿ ತಡೆಯಬೇಕು, ಎಷ್ಟು ಒತ್ತಬೇಕು, ಯಾರಿಗೆ ದಾರಿ ಬಿಡಬೇಕು ಎನ್ನುವುದಷ್ಟೇ ಅವರ ಕೈಯಲ್ಲಿದೆ. ಅಷ್ಟರಲ್ಲೇ ಒಂದು ತಂಡ ಇನ್ನೊಂದರಂತೆ ಕೇಳುವುದಿಲ್ಲ ಎನ್ನುವುದು ಆಶ್ಚರ್ಯ.

ಸ್ಟ್ರಿಂಗ್ ಕ್ವಾರ್ಟೆಟ್ ಈ ಮನೆತನದ ಹಿರಿಯ. ಎರಡು ವಯಲಿನ್, ಒಂದು ವಯೋಲಾ, ಒಂದು ಚೆಲ್ಲೋ. ವಯೋಲಾ ನೋಡಲು ವಯಲಿನ್ನಿನಂತೆಯೇ ಇದ್ದರೂ ಸ್ವಲ್ಪ ದೊಡ್ಡದು, ಅದರ ತಂತಿಗಳು ಐದು ಸ್ವರದಷ್ಟು ಕೆಳಗೆ. ಚೆಲ್ಲೋ ಅದಕ್ಕಿಂತ ಒಂದು ಸಪ್ತಕ ಕೆಳಗೆ. ವಯೋಲಾದವರನ್ನು ಹೊಸ ಕೇಳುಗರು ಗಮನಿಸುವುದೇ ಇಲ್ಲ. ಆದರೆ 1784ರ ಸುಮಾರಿಗೆ ವಿಯೆನ್ನಾದ ಒಂದು ಮನೆಯಲ್ಲಿ ಹೈಡನ್, ಡಿಟರ್ಸ್‌ಡಾರ್ಫ್, ವಾನ್‌ಹಾಲ್, ಮೊಜಾರ್ಟ್ ಎಂಬ ನಾಲ್ವರು ಸಂಗೀತ ರಚನಕಾರರು ಕೂಡಿ ಕ್ವಾರ್ಟೆಟ್ ನುಡಿಸಿದ್ದನ್ನು ಗಾಯಕ ಮೈಕೇಲ್ ಕೆಲ್ಲಿ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆ ದಿನ ವಯೋಲಾ ಹಿಡಿದದ್ದು ಮೊಜಾರ್ಟ್. ನಡುವೆ ಕೂತರೆ ಎರಡೂ ಕಡೆಯ ಮಾತು ಕೇಳುತ್ತದೆ ನೋಡಿ!

ಕ್ವಾರ್ಟೆಟ್‌ಗೆ ಒಂದು ರೂಪ ಕೊಟ್ಟವನು ಹೈಡನ್. 68 ಕ್ವಾರ್ಟೆಟ್ ಬರೆದ. ಇವೆಲ್ಲ ಮೊದಲು ಅರಮನೆ, ಶ್ರೀಮಂತರ ಮನೆಗಳಲ್ಲಿ ನಡೆಯುತ್ತಿದ್ದವು. ಎಷ್ಟೋ ಸಲ ನುಡಿಸುವವರು ಮನೆಯವರೇ, ಕೇಳುವವರು ನೆಂಟರು. 1804ರ ಹೊತ್ತಿಗೆ ಶುಪ್ಪಾನ್‌ಜಿಗ್ ಎಂಬ ವಯಲಿನ್ ವಾದಕ ವಿಯೆನ್ನಾದಲ್ಲಿ ದುಡ್ಡು ಕೊಟ್ಟು ಬಂದು ಕೇಳುವ ಕ್ವಾರ್ಟೆಟ್ ಕಛೇರಿ ಶುರು ಮಾಡಿದ. ಅಲ್ಲಿಂದ ಮುಂದೆ ಕೋಣೆ ಹೋಗಿ ಸಣ್ಣ ಹಾಲ್ ಬಂತು. ಲಂಡನ್ನಿನ ವಿಗ್ಮೋರ್ ಹಾಲ್ 1901ರಲ್ಲಿ ತೆರೆಯಿತು, ಈ ಸಂಗೀತಕ್ಕೆ ಹೆಸರಾದ ಜಾಗ. ಅಲ್ಲಿರುವುದು ಸುಮಾರು 550 ಕುರ್ಚಿ.

ಇನ್ನು ಸೀಸನ್. ನಮ್ಮಲ್ಲಿ ಮಳೆ ಹಿಡಿದರೆ ಬಯಲಾಟದ ಟೆಂಟು ಮಡಚಿ, ತಾಳಮದ್ದಳೆ ಸೂರಿನಡಿ ಬರುತ್ತದೆ. ಯುರೋಪ್, ಅಮೆರಿಕದ ಲೆಕ್ಕಕ್ಕೆ ಬೇಸಿಗೆಯೇ ಗಡಿ. ಅಲ್ಲಿನ ಪೇಟೆಯ ಹಾಲ್‌ಗಳಲ್ಲಿ ಸೆಪ್ಟೆಂಬರ್–ಅಕ್ಟೋಬರಿನಿಂದ ಮೇ–ಜೂನ್‌ವರೆಗೆ ಸೀಸನ್. ಮೊದಲೇ ಇಡೀ ಸರಣಿಗೆ ಒಟ್ಟಿಗೆ ಟಿಕೆಟ್ ತೆಗೆಯುವ ರೂಢಿ ಇದೆ. ಬೇಥೋವನ್‌ನ 16 ಕ್ವಾರ್ಟೆಟ್‌ಗಳನ್ನು ಒಂದೇ ತಂಡ ಕೆಲವು ಸಂಜೆಗಳಲ್ಲಿ ಹಂಚಿ ನುಡಿಸುವುದು ಇಂಥ ಸರಣಿಯಲ್ಲೇ. ಬೇಸಿಗೆ ಬಂತೆಂದರೆ ಸಂಗೀತಗಾರರು ಪೇಟೆ ಬಿಟ್ಟು ಹಳ್ಳಿ, ಗುಡ್ಡ ಸೇರುತ್ತಾರೆ, ಅದು ಫೆಸ್ಟಿವಲ್. ಅಮೆರಿಕದ ವರ್ಮಾಂಟ್‌ನ ಮಾರ್ಲ್‌ಬರೋದಲ್ಲಿ 1951ರಿಂದ ಇದು ನಡೆಯುತ್ತಿದೆ. ಅಲ್ಲಿ ಹಿರಿಯರೂ ಕಿರಿಯರೂ ವಾರಗಟ್ಟಲೆ ಒಟ್ಟಿಗೆ ಇದ್ದು, ಉಂಡು, ಅಭ್ಯಾಸ ಮಾಡುತ್ತಾರೆ. ಕಛೇರಿ ವಾರದ ಕೊನೆಗೆ ಮಾತ್ರ. ಫಿನ್ಲೆಂಡಿನ ಕುಹ್ಮೋ ರಷ್ಯಾ ಗಡಿಯ ಹತ್ತಿರದ ಕಾಡೂರು. 1970ರಲ್ಲಿ ಅಲ್ಲಿ ಶುರುವಾದ ಉತ್ಸವಕ್ಕೆ ಈಗ ಜುಲೈ ತಿಂಗಳಲ್ಲಿ ದೂರದೂರದ ಜನ ಹೋಗುತ್ತಾರೆ. ಶಿರಸಿಯಂಥ ಕಾಡಿನ ಊರವರಿಗೆ ಇದನ್ನು ಕೇಳಿದರೆ ಸ್ವಲ್ಪ ಹೊಟ್ಟೆಕಿಚ್ಚು ಆಗಬೇಕು.

ಹೊಸದಾಗಿ ಹೋಗುವವರಿಗೆ ಒಂದೇ ಭಯ: ಚಪ್ಪಾಳೆ ಯಾವಾಗ? ನಮ್ಮಲ್ಲಿ ಒಳ್ಳೆಯ ತಾನ್ ಬಿದ್ದ ಕೂಡಲೇ "ವಾಹ್" ಎನ್ನುತ್ತೇವೆ. ಅಲ್ಲಿ ಹಾಗಿಲ್ಲ. ಕ್ವಾರ್ಟೆಟ್ ಎಂದರೆ ಸಾಮಾನ್ಯವಾಗಿ ನಾಲ್ಕು ಭಾಗ, ಅದಕ್ಕೆ ಮೂವ್‌ಮೆಂಟ್ ಎನ್ನುತ್ತಾರೆ. ನಾಲ್ಕೂ ಮುಗಿದ ಮೇಲೆ ಚಪ್ಪಾಳೆ. ನಡುವೆ ಕೆಮ್ಮಬಹುದು ಅಷ್ಟೇ. ಈ ಗೋಜಲನ್ನೇ ಹೈಡನ್ ತಮಾಷೆ ಮಾಡಿದ್ದಾನೆ. 1781ರ ಅವನ ಓಪಸ್ 33ರ (33ನೇ ಸಂಖ್ಯೆಯ ಕೃತಿಗುಚ್ಛದ) ಎರಡನೇ ಕ್ವಾರ್ಟೆಟ್‌ಗೆ "ಜೋಕ್" ಎಂದೇ ಹೆಸರು ಬಿದ್ದಿದೆ. ಕೊನೆಯ ಭಾಗದಲ್ಲಿ ಒಂದು ಚುರುಕಾದ ಟ್ಯೂನ್ ಬಂದು ಬಂದು ಹೋಗುತ್ತದೆ. ಕೊನೆಗೆ ಅದನ್ನೇ ನಾಲ್ಕು ತುಂಡು ಮಾಡಿ, ಒಂದೊಂದು ತುಂಡಿನ ನಡುವೆ ತಡೆದು ತಡೆದು ನುಡಿಸುತ್ತಾರೆ. ನಾಲ್ಕನೇ ತುಂಡು ಆಯ್ತು, ಟ್ಯೂನ್ ಪೂರ್ತಿಯಾಯ್ತು. ಜನ ಕೈ ಎತ್ತುತ್ತಾರೆ. ಅಷ್ಟರಲ್ಲಿ ಮೊದಲ ತುಂಡು ಮೆಲ್ಲಗೆ ಮತ್ತೊಮ್ಮೆ! ಈಗ ಮತ್ತೆ ಶುರುವಾಯ್ತೇನೋ ಅಂದುಕೊಂಡರೆ, ಅದೇ ಕೊನೆ. ಇವತ್ತಿಗೂ ಹಾಲ್‌ಗಳಲ್ಲಿ ಜನ ಇದಕ್ಕೆ ನಗುತ್ತಾರೆ.

ಕಾರವಾರದವರು ಇದನ್ನು ಕೇಳಲಿಕ್ಕೆ ವಿಮಾನ ಹತ್ತಬೇಕಿಲ್ಲ. ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಇಗರ್ಜಿ ಶಾಲೆಗಳಲ್ಲೇ ವಯಲಿನ್ ಕಲಿಸುತ್ತಿದ್ದರು. ಹಾಗೆ ಕಲಿತವರೇ ಮುಂದೆ ಮುಂಬೈಗೆ ಹೋಗಿ ಹಿಂದಿ ಸಿನಿಮಾ ಹಾಡುಗಳ ಹಿಂದೆ ವಯಲಿನ್ ನುಡಿಸಿದರು. ಹಳೇ ಗೋವೆಯ ಗುಡ್ಡದ ಮೇಲಿನ ಮೊಂತೆ ಚಾಪೆಲ್‌ನ ಸಂಗೀತೋತ್ಸವದಲ್ಲಿ ಹಿಂದೂಸ್ತಾನಿಯೂ ಪಾಶ್ಚಾತ್ಯ ಸಂಗೀತವೂ ಅಕ್ಕಪಕ್ಕ ನಡೆಯುತ್ತವೆ.

ಮನೆಯಲ್ಲೇ ಕೇಳಿ ನೋಡುವುದಾದರೆ ಶೂಬರ್ಟ್‌ನ "ಟ್ರೌಟ್" ಕ್ವಿಂಟೆಟ್‌ನ ನಾಲ್ಕನೇ ಭಾಗ ಹಾಕಿ. 1819ರಲ್ಲಿ, ತನ್ನ 22ನೇ ವಯಸ್ಸಿನಲ್ಲಿ, ಮನೆಯಲ್ಲಿ ಚೆಲ್ಲೋ ನುಡಿಸುವ ಹವ್ಯಾಸವಿದ್ದ ಒಬ್ಬರಿಗಾಗಿ ಬರೆದದ್ದು. ಪಿಯಾನೋ, ವಯಲಿನ್, ವಯೋಲಾ, ಚೆಲ್ಲೋ, ಡಬಲ್ ಬಾಸ್. ಮೊದಲು ತಂತಿವಾದ್ಯಗಳಷ್ಟೇ ಟ್ಯೂನ್ ನುಡಿಸುತ್ತವೆ, ಪಿಯಾನೋ ಸುಮ್ಮನಿರುತ್ತದೆ. ಆಮೇಲೆ ಆ ಟ್ಯೂನ್ ಪಿಯಾನೋ ಕೈಗೆ ಹೋಗುತ್ತದೆ, ಅಲ್ಲಿಂದ ವಯೋಲಾಕ್ಕೆ, ಅಲ್ಲಿಂದ ಕೆಳಗಿನ ದಪ್ಪ ತಂತಿಗಳಿಗೆ. ಒಮ್ಮೆ ಗುಡುಗಿನಂತೆ ಏರಿ, ಮತ್ತೆ ಚೆಲ್ಲೋದಲ್ಲಿ ತಣ್ಣಗಾಗುತ್ತದೆ. ಯಾರ ಕೈಯಲ್ಲಿದೆ ಎಂದು ಹಿಂಬಾಲಿಸಿದರೆ ಸಾಕು. ಈ ಟ್ಯೂನ್ ಟ್ರೌಟ್ ಎಂಬ ಮೀನಿನ ಮೇಲೆ ಶೂಬರ್ಟ್ ಅದಕ್ಕೂ ಮುಂಚೆ ಬರೆದ ಹಾಡಿನದು. ಆ ಹಾಡಿಗೆ ಪಿಯಾನೋದಲ್ಲಿ ನೀರು ಚಿಮ್ಮಿದಂಥ ಹಿಮ್ಮೇಳ ಇತ್ತು. ಕ್ವಿಂಟೆಟ್‌ನಲ್ಲಿ ಅದನ್ನು ಅಡಗಿಸಿಟ್ಟು, ಭಾಗದ ಕಟ್ಟಕಡೆಗೆ ಹೊರಗೆ ಬಿಡುತ್ತಾನೆ.