ಅಹಮದಾಬಾದಿನಲ್ಲಿ ಮುರಿದದ್ದು ನೆಲಮಹಡಿ

2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಛ್‌ನ ಭಚಾವು ಸಮೀಪ ಹುಟ್ಟಿದ ಭೂಕಂಪ, ಭುಜ್ ಮತ್ತು ಅಂಜಾರ್‌ಗಳನ್ನು ಹಾಳುಗೆಡವಿದ್ದು ಎಲ್ಲರಿಗೂ ನೆನಪಿದೆ. ಕಟ್ಟಡಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನನ್ನು ಇಂದಿಗೂ ಹೆಚ್ಚು ಕಾಡುವುದು ಅಲ್ಲಿಂದ 200 ಕಿಲೋಮೀಟರಿಗೂ ದೂರವಿರುವ ಅಹಮದಾಬಾದಿನಲ್ಲಿ ನಡೆದ ಸಂಗತಿ. ಆ ನಗರದಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದು 700ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕಛ್‌ನ ಕಂಪನ ಅಷ್ಟು ದೂರ ತಲುಪಬಲ್ಲದು ಎಂಬುದು ಹೊಸ ವಿಷಯವೇನೂ ಆಗಿರಲಿಲ್ಲ. 1819ರ ಭೂಕಂಪದಲ್ಲಿ ಇದೇ ನಗರದ ಜಾಮಾ ಮಸೀದಿಯ ಮಿನಾರುಗಳು ಉರುಳಿದ್ದವು.

ಸಾಬರಮತಿ ನದಿ ತಂದು ಹರವಿದ ಆಳವಾದ ಮೆಕ್ಕಲು ಮಣ್ಣು ಕಂಪನವನ್ನು ಹಿಗ್ಗಿಸಿತು. ಆದರೆ ಅದೇ ಮಣ್ಣಿನ ಮೇಲೆ ನಿಂತ ಅಸಂಖ್ಯ ಕಟ್ಟಡಗಳು ಉಳಿದುಕೊಂಡವು. ಬಿದ್ದವುಗಳಲ್ಲಿ ಬಹುಪಾಲು, ವಾಹನ ನಿಲುಗಡೆಗೆಂದು ನೆಲಮಹಡಿಯನ್ನು ಗೋಡೆಯಿಲ್ಲದೆ ಬಿಟ್ಟು ಅದರ ಮೇಲೆ ನಾಲ್ಕು ಅಥವಾ ಹತ್ತು ಅಂತಸ್ತು ಏರಿಸಿದ್ದ ಕಾಂಕ್ರೀಟು ಕಟ್ಟಡಗಳಾಗಿದ್ದವು.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೆಲ ಅಡ್ಡಡ್ಡ ಅಲುಗಿದಾಗ ಪ್ರತಿ ಅಂತಸ್ತಿನ ತೂಕವೂ ತನ್ನ ಪಾಲಿನ ಬಲವನ್ನು ಕೆಳಗೆ ದಾಟಿಸುತ್ತದೆ; ಎಲ್ಲವೂ ಕೂಡಿ ಬಂದು ನಿಲ್ಲುವುದು ನೆಲಮಹಡಿಯ ಕಾಲಂಗಳ ಮೇಲೆ. ಮೇಲಿನ ಮನೆಗಳಲ್ಲಿ ಕಾಲಂಗಳ ನಡುವೆ ಇಟ್ಟಿಗೆ ಗೋಡೆಗಳಿರುವುದರಿಂದ ಆ ಭಾಗ ಇಡಿಯಾಗಿ ಒಂದು ಪೆಟ್ಟಿಗೆಯಂತೆ ಬಿಗಿಯಾಗಿರುತ್ತದೆ, ಬಾಗಬೇಕಾದಷ್ಟನ್ನೂ ಕೆಳಗಿನ ಬರಿಯ ಕಾಲಂಗಳೇ ಬಾಗಬೇಕಾಗುತ್ತದೆ. ಆಗ ಕಾಲಂಗಳ ತುದಿಯಲ್ಲಿ ಕಾಂಕ್ರೀಟು ಸಿಡಿಯುತ್ತದೆ. ಅದನ್ನು ಹಿಡಿದಿಡಬೇಕಾದದ್ದು ಕಂಬಿಗಳ ಸುತ್ತ ಕಟ್ಟುವ ರಿಂಗುಗಳು. ಅವು ವಿರಳವಾಗಿದ್ದರೆ, ಅಥವಾ ಅವುಗಳ ಕೊಕ್ಕೆ ಬಿಚ್ಚಿಕೊಂಡರೆ, ಉದ್ದದ ಕಂಬಿಗಳು ಹೊರಕ್ಕೆ ಬಾಗಿ ಇಡೀ ಅಂತಸ್ತು ಕುಳಿತುಬಿಡುತ್ತದೆ. ಅಹಮದಾಬಾದಿನಲ್ಲಿ ಇದರ ಜೊತೆಗೆ, ಮೇಲಿನ ಅಂತಸ್ತುಗಳನ್ನು ರಸ್ತೆಯ ಕಡೆಗೆ ಮುಂಚಾಚಿ, ತಳಪಾಯಕ್ಕೆ ಇಳಿಯದ ಕಾಲಂಗಳನ್ನು ಬೀಮುಗಳ ತುದಿಯ ಮೇಲೆ ನಿಲ್ಲಿಸುವ ಪದ್ಧತಿಯೂ ಇತ್ತು.

ಭೂಕಂಪ ತಡೆಯುವ ವಿನ್ಯಾಸಕ್ಕೆಂದೇ ಇರುವ ಭಾರತೀಯ ಮಾನಕ ಐಎಸ್ 1893, 2002ರಲ್ಲಿ ಪರಿಷ್ಕರಣೆಗೊಂಡಾಗ, ಇಂಥ ತೆರೆದ ಅಂತಸ್ತಿನ ಕಾಲಂ ಮತ್ತು ಬೀಮುಗಳನ್ನು ಲೆಕ್ಕಕ್ಕೆ ಬರುವ ಬಲದ 2.5 ಪಟ್ಟಿಗೆ ವಿನ್ಯಾಸಗೊಳಿಸುವಂತೆ, ಇಲ್ಲವೇ ಪ್ರತ್ಯೇಕವಾಗಿ ವಿಶ್ಲೇಷಿಸುವಂತೆ ಹೇಳಿತು. ಆ ನಿಯಮದ ಹಿಂದೆ ಅಂದಿನ ಬೆಳಗಿನ ಸಾವುಗಳಿವೆ ಎಂಬುದನ್ನು ಮರೆತು ಅದನ್ನು ಬರಿಯ ಖರ್ಚಿನ ಬಾಬತ್ತಾಗಿ ನೋಡುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಭೂಕಂಪದ ಅಪಾಯ ಹೆಚ್ಚಿದಂತೆ ಸಂಖ್ಯೆ ಏರುವ, ಅದೇ 2002ರ ಸಂಹಿತೆಯ ವಲಯ ನಕ್ಷೆಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿತ್ತು, ಅಹಮದಾಬಾದಿನಂತೆಯೇ ಮಂಗಳೂರು ಮೂರನೆಯದರಲ್ಲಿತ್ತು. ಬೆಂಗಳೂರಿನ ಗಟ್ಟಿ ನೆಲ ನಮ್ಮ ಭಾಗ್ಯವೆನ್ನಬಹುದಾದರೂ 30x40 ನಿವೇಶನದಲ್ಲಿ ಕೆಳಗೆ ಕಾರು, ಮೇಲೆ ನಾಲ್ಕು ಮನೆ ಎಂಬ ನಕ್ಷೆ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ಕಾಲಂ 9 ಇಂಚು ಮೀರಿದರೆ ಗೋಡೆಯಿಂದಾಚೆ ಕಾಣುತ್ತದೆ ಎಂದು ಮಾಲೀಕರು ಬೇಸರಪಡುತ್ತಾರೆ. ನಾನು ಅವರಿಗೆ ಕೆಳ ಅಂತಸ್ತಿನ ಎರಡು ದಿಕ್ಕಿನಲ್ಲೂ, ಕಾರಿಗೆ ಅಡ್ಡಬಾರದ ಕಡೆ, ತಳಪಾಯದಿಂದಲೇ ಏರುವ ಕಾಂಕ್ರೀಟು ಗೋಡೆಗಳನ್ನು ಬರೆದುಕೊಡುತ್ತೇನೆ. ಕಾಂಕ್ರೀಟು ಸುರಿಯುವ ಹಿಂದಿನ ದಿನ ಸ್ಥಳಕ್ಕೆ ಹೋಗಿ, ಕಾಲಂನ ಬುಡದಲ್ಲೂ ತಲೆಯಲ್ಲೂ ರಿಂಗುಗಳು ಒತ್ತೊತ್ತಾಗಿವೆಯೇ, ಕೊಕ್ಕೆಗಳು 135 ಡಿಗ್ರಿಗೆ ಒಳಮುಖವಾಗಿ ಬಾಗಿವೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ.