ಮಸಾಲೆ ದೋಸೆಗೆ ರಬ್ಬಿಯ ಸರ್ಟಿಫಿಕೇಟ್ ಯಾಕೆ?

ಪ್ರಶ್ನೆ: ನ್ಯೂಯಾರ್ಕಿಗೆ ಹೋಗಿದ್ದಾಗ ಮಗ ಮ್ಯಾನ್‌ಹಟನ್‌ನ ಒಂದು ದೋಸೆ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಬಾಗಿಲಲ್ಲಿ ‘ಕೋಷರ್’ ಅಂತ ಬೋರ್ಡು. ಪಕ್ಕದ ಟೇಬಲ್ಲಿನಲ್ಲಿ ತಲೆಗೆ ಪುಟ್ಟ ಟೋಪಿ ಹಾಕಿಕೊಂಡಿದ್ದ ಯಹೂದಿ ಸಂಸಾರ ದೋಸೆ ತಿನ್ನುತ್ತಿತ್ತು. ಕೋಷರ್ ಅಂದರೆ ಸಸ್ಯಾಹಾರಿ ಅಂತಲೇ? ಇಡ್ಲಿ ದೋಸೆ ಮಾರುವವರಿಗೆ ಇದರ ಉಸಾಬರಿ ಯಾಕೆ?

ಉತ್ತರ: ಕೋಷರ್ ಅಂದರೆ ಸಸ್ಯಾಹಾರಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದೇ ನ್ಯೂಯಾರ್ಕಿನಲ್ಲಿ ದನದ ಮಾಂಸದ ಸ್ಯಾಂಡ್‌ವಿಚ್ ಮಾರುವ ಕೋಷರ್ ಹೋಟೆಲುಗಳೂ ಬೇಕಾದಷ್ಟಿವೆ. ಬೋರ್ಡು ನೋಡಿ ಒಳಗೆ ನುಗ್ಗಿ, ಮೆನು ನೋಡಿ ಎದ್ದು ಬಂದವರೂ ಇದ್ದಾರೆ.

ಕೋಷರ್ ಅಂದರೆ ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುವಂಥದ್ದು. ಆ ನಿಯಮ ದೊಡ್ಡ ಪಟ್ಟಿ. ನಮಗೆ ಇಲ್ಲಿ ಬೇಕಾದದ್ದು ಕೆಲವೇ. ಗೊರಸು ಸೀಳಿರುವ, ಮೆಲುಕು ಹಾಕುವ ಪ್ರಾಣಿಯ ಮಾಂಸ ನಡೆಯುತ್ತದೆ. ಹಂದಿ ನಡೆಯುವುದಿಲ್ಲ. ಈಜುರೆಕ್ಕೆ ಮತ್ತು ಪೊರೆ ಎರಡೂ ಇರುವ ಮೀನು ಸರಿ, ಸಿಗಡಿ ಏಡಿ ಬೇಡ. ಇನ್ನೊಂದು ಕಟ್ಟುನಿಟ್ಟಿನ ನಿಯಮ: ಮಾಂಸ ಮತ್ತು ಹಾಲು ಒಂದಕ್ಕೊಂದು ಸೇರಬಾರದು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲೇ ಬೇಯಿಸಬೇಡ ಎಂದು ಅವರ ಧರ್ಮಗ್ರಂಥ ತೋರಾದಲ್ಲಿ ಮೂರು ಕಡೆ ಬರುತ್ತದೆ. ಆ ಒಂದು ಮಾತಿನಿಂದ ಪಾತ್ರೆ, ಸೌಟು, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲವೂ ಎರಡೆರಡು ಸೆಟ್ ಆದವು. ಮಾಂಸ ತಿಂದ ಮೇಲೆ ಹಾಲಿನ ಪದಾರ್ಥ ತಿನ್ನಲು ಕೆಲವರು ಆರು ಗಂಟೆ ಕಾಯುತ್ತಾರೆ.

ಈಗ ದಕ್ಷಿಣ ಭಾರತದ ಸಸ್ಯಾಹಾರಿ ಅಡುಗೆಮನೆಯನ್ನು ನೋಡಿ. ಮಾಂಸವೇ ಒಳಗೆ ಬರುವುದಿಲ್ಲ. ಅರ್ಧ ರಾಮಾಯಣ ಅಲ್ಲಿಗೇ ಮುಗಿಯಿತು! ತುಪ್ಪ, ಮೊಸರು, ಬೆಣ್ಣೆ ಇರುವುದರಿಂದ ಇಂಥ ಹೋಟೆಲು ‘ಡೈರಿ’ ಗುಂಪಿಗೆ ಸೇರುತ್ತದೆ. ಎರಡೆರಡು ಸೆಟ್ ಪಾತ್ರೆ ಬೇಡ. ಉಡುಪಿ ಶೈಲಿಯ ಅಡುಗೆ ಯಹೂದಿಗಳಿಗಾಗಿ ಹುಟ್ಟಿದ್ದಲ್ಲ, ಆದರೆ ರಬ್ಬಿಗೆ, ಅಂದರೆ ಯಹೂದಿ ಧರ್ಮಗುರುವಿಗೆ, ಇದಕ್ಕಿಂತ ಸಲೀಸಾದ ಅಡುಗೆಮನೆ ಸಿಗುವುದು ಕಷ್ಟ.

ಹಾಗಾದರೆ ಸರ್ಟಿಫಿಕೇಟ್ ಯಾಕೆ, ಸಸ್ಯಾಹಾರಿ ಅಂದರೆ ಸಾಲದೇ ಅಂತ ಕೇಳಬಹುದು. ಸಾಲದು. ಮೊದಲನೆಯದಾಗಿ ಹುಳು. ಕೋಷರ್ ನಿಯಮದಲ್ಲಿ ಹುಳು ಹುಪ್ಪಟೆ ನಿಷಿದ್ಧ. ಹೂಕೋಸು, ಕೊತ್ತಂಬರಿ, ಪಾಲಕ್ ಸೊಪ್ಪುಗಳನ್ನು ನೆನೆಸಿ, ತೊಳೆದು, ಬೆಳಕಿಗೆ ಹಿಡಿದು ನೋಡಬೇಕು. ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಹುಳುವಿನಿಂದ ತೆಗೆಯುತ್ತಾರೆ, ಅದೂ ಬೇಡ. ವಿನೆಗರ್ ದ್ರಾಕ್ಷಿಯದ್ದಾದರೆ ಅದಕ್ಕೂ ಕೋಷರ್ ಮುದ್ರೆ ಬೇಕು, ಯಾಕೆಂದರೆ ದ್ರಾಕ್ಷಾರಸದ ವಿಷಯದಲ್ಲಿ ಅವರ ನಿಯಮ ಬೇರೆಯದೇ ಬಿಗಿ. ಚೀಸ್ ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು. ಪನೀರ್ ಅನ್ನು ನಾವು ನಿಂಬೆರಸದಲ್ಲಿ ಒಡೆಯುತ್ತೇವೆ ಎಂದರೂ ರಬ್ಬಿ ಒಮ್ಮೆ ವಿಚಾರಿಸದೆ ಬಿಡುವುದಿಲ್ಲ.

ಎರಡನೆಯದು, ಬೇಯಿಸಿದವರು ಯಾರು ಅನ್ನುವುದು. ನಮ್ಮಲ್ಲಿ ಮಡಿ ಅಡುಗೆ ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಯಹೂದಿಯಲ್ಲದವರು ಪೂರ್ತಿ ತಾವೇ ಬೇಯಿಸಿದ ಕೆಲವು ಬಗೆಯ ಅಡುಗೆಯನ್ನು ಸಂಪ್ರದಾಯಸ್ಥರು ತಿನ್ನುವುದಿಲ್ಲ. ಇದಕ್ಕೊಂದು ಉಪಾಯವನ್ನೂ ಅವರೇ ಮಾಡಿಕೊಂಡಿದ್ದಾರೆ. ಯುರೋಪ್ ಮೂಲದ ಅಶ್ಕೆನಾಝಿ ಯಹೂದಿಗಳ ಪದ್ಧತಿಯಲ್ಲಿ ಒಬ್ಬ ಯಹೂದಿ ಒಲೆ ಹಚ್ಚಿದರೆ ಸಾಕು. ಮುಂದಿನದನ್ನು ಯಾರು ಬೇಕಾದರೂ ಮಾಡಬಹುದು. ಸ್ಪೇನ್ ಕಡೆಯ ಮೂಲದ ಸೆಫಾರ್ದಿ ಯಹೂದಿಗಳಲ್ಲಿ ನಿಯಮ ಇನ್ನೂ ಬಿಗಿ. ಪಾತ್ರೆಯನ್ನು ಒಲೆಯ ಮೇಲಿಡುವುದೋ, ಅಡುಗೆಯಲ್ಲಿ ಕೈಯಾಡಿಸುವುದೋ ಯಹೂದಿಯಿಂದಲೇ ಆಗಬೇಕು. ಈ ಕೆಲಸಕ್ಕೆ, ಸೊಪ್ಪು ನೋಡಲಿಕ್ಕೆ, ಒಳಗೆ ಬರುವ ಡಬ್ಬಿಗಳ ಲೇಬಲ್ ಓದಲಿಕ್ಕೆ ಮಶ್ಗೀಯಾಖ್ ಎಂಬ ಮೇಲ್ವಿಚಾರಕ ಇರುತ್ತಾನೆ. ಕೆಲವು ಕಡೆ ದಿನವಿಡೀ ಇರುತ್ತಾನೆ, ಕೆಲವು ಕಡೆ ಬಂದು ನೋಡಿ ಹೋಗುತ್ತಾನೆ. ಮಾಲೀಕ ಹಿಂದೂ, ಒಲೆ ಹಚ್ಚುವವನು ಯಹೂದಿ, ತರಕಾರಿ ಹೆಚ್ಚುವವನು ಇನ್ಯಾವುದೋ ದೇಶದವನು ಆಗಿರಬಹುದು. ಅಂಥ ಅಡುಗೆಮನೆಯಲ್ಲಿ ಸಾಂಬಾರಿಗೆ ಉಪ್ಪು ಎಷ್ಟು ಅನ್ನುವುದು ಯಾವ ಭಾಷೆಯಲ್ಲಿ ನಿರ್ಧಾರವಾಗುತ್ತದೋ!

ನಿಮ್ಮ ಮಗ ಕರೆದುಕೊಂಡು ಹೋದದ್ದು ಲೆಕ್ಸಿಂಗ್ಟನ್ ಅವೆನ್ಯೂ, 27-28ನೇ ಸ್ಟ್ರೀಟ್ ಕಡೆಗೇ ಇರಬೇಕು. ಜನ ಅದನ್ನು ‘ಕರಿ ಹಿಲ್’ ಅನ್ನುತ್ತಾರೆ. ಪೊಂಗಲ್, ಮದ್ರಾಸ್ ಮಹಲ್, ಚೆನ್ನೈ ಗಾರ್ಡನ್ ಮುಂತಾದವು ಕೋಷರ್ ಸಸ್ಯಾಹಾರಿ ಹೋಟೆಲುಗಳೆಂದು ಹೆಸರು ಮಾಡಿದ್ದು ಇಲ್ಲೇ.

ಈ ಬೀದಿಯ ಕತೆ ನನಗೆ ಕೋಷರ್ ನಿಯಮಕ್ಕಿಂತ ರುಚಿ ಅನಿಸುತ್ತದೆ. ಇದು ಮೊದಲು ಅರ್ಮೇನಿಯನ್ನರ ಜಾಗ. 1944ರಲ್ಲಿ ಶುರುವಾದ ಕಲುಸ್ಟ್ಯಾನ್ಸ್ ಎಂಬ ದಿನಸಿ ಅಂಗಡಿ ಇಂದಿಗೂ ಇದೆ. ಅಂಗಡಿ ಇರುವ ಕಟ್ಟಡ ಒಂದು ಕಾಲಕ್ಕೆ ಚೆಸ್ಟರ್ ಆರ್ಥರ್ ಅವರ ಮನೆ. 1881ರಲ್ಲಿ ಅವರು ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡದ್ದು ಆ ಮನೆಯಲ್ಲೇ. ಈಗ ಅದೇ ವಿಳಾಸದಲ್ಲಿ ಇಂಗು, ಹುಣಸೆಹಣ್ಣು ಸಿಗುತ್ತದೆ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು, ಭಾರತದಿಂದ ಹೋಗುವವರು ಜಾಸ್ತಿಯಾದರು. ಅರ್ಮೇನಿಯನ್ನರ ಮಸಾಲೆ ಅಂಗಡಿಗೆ ನಮ್ಮವರು ಬೇಳೆ ಹುಡುಕಿಕೊಂಡು ಬಂದರು. ಸುತ್ತಲೂ ಸೀರೆ ಅಂಗಡಿ, ದಿನಸಿ, ಹೋಟೆಲು ಎದ್ದವು. ಆಮೇಲೆ ಸಂಸಾರಗಳು ಕ್ವೀನ್ಸ್‌ಗೂ ನ್ಯೂಜೆರ್ಸಿಗೂ ಮನೆ ಮಾಡಿಕೊಂಡು ಹೋದವು. ಸೀರೆ ಕೊಳ್ಳಲು ಜಾಕ್ಸನ್ ಹೈಟ್ಸೋ ಎಡಿಸನ್ನೋ ಸಾಕಾಯಿತು.

ಊಟಕ್ಕೆ ಬರುವ ನಮ್ಮವರು ಕಡಿಮೆಯಾದರೆ ಹೋಟೆಲಿನವರು ಬೇರೆ ಗಿರಾಕಿ ನೋಡಲೇಬೇಕಲ್ವಾ? ಅದೇ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಏಳೆಂಟು ಬ್ಲಾಕ್ ಮೇಲಕ್ಕೆ ನಡೆದರೆ ಯೆಶೀವಾ ವಿಶ್ವವಿದ್ಯಾಲಯದ ಸ್ಟರ್ನ್ ಕಾಲೇಜು ಸಿಗುತ್ತದೆ. 1954ರಲ್ಲಿ ಶುರುವಾದ, ಸಂಪ್ರದಾಯಸ್ಥ ಯಹೂದಿ ಹೆಣ್ಣುಮಕ್ಕಳ ಕಾಲೇಜು. ಅಲ್ಲಿನ ವಿದ್ಯಾರ್ಥಿನಿಯರು ಕೋಷರ್ ಅಲ್ಲದ ಕಡೆ ಊಟ ಮಾಡುವುದಿಲ್ಲ. ದಿನಾ ಒಂದೇ ಥರದ ಊಟ ಬೇಜಾರಾಗಿ ಖಾರ ಹುಡುಕುವ ವಯಸ್ಸು. ದೋಸೆ ಹೋಟೆಲಿನವನು ಮೆನು ಬದಲಾಯಿಸಬೇಕಿಲ್ಲ. ಮೇಲ್ವಿಚಾರಣೆಗೆ ಶುಲ್ಕ ಕಟ್ಟಿ, ನಾಲ್ಕು ಶಿಸ್ತು ಪಾಲಿಸಿದರೆ ಹೊಸ ಗಿರಾಕಿಗಳ ಒಂದು ಗುಂಪೇ ಒಳಗೆ ಬರುತ್ತದೆ.

‘ಸಂಸ್ಕೃತಿಗಳ ಸಂಗಮ’ ಅಂತ ಇದನ್ನು ಹೊಗಳುವವರಿದ್ದಾರೆ. ನನಗೆ ಅದು ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಇದು ಮೊದಲು ಗಲ್ಲಾಪೆಟ್ಟಿಗೆಯ ಲೆಕ್ಕಾಚಾರ. ಅದರಲ್ಲೇನೂ ತಪ್ಪಿಲ್ಲ. ಇನ್ನೂ ಒಂದು ವಿಷಯ ಗಮನಿಸಿ. ಮಾಂಸವಿಲ್ಲ ಅನ್ನುವ ಕಾರಣಕ್ಕೇ ಅಲ್ಲಿ ಹಲಾಲ್ ನೋಡುವ ಮುಸ್ಲಿಮರು ಮಾಂಸದ ಚಿಂತೆಯಿಲ್ಲದೆ ಕೂರಬಹುದು. ಈರುಳ್ಳಿ ಆಲೂಗಡ್ಡೆ ಬೇಡ ಎಂದು ಜೈನರು ಸಾದಾ ದೋಸೆ ಕೇಳಬಹುದು. ಹಾಲೂ ಬೇಡ ಅನ್ನುವ ವೀಗನ್ ಹುಡುಗ ಎಣ್ಣೆ ದೋಸೆ ಹೇಳಬಹುದು. ಎಲ್ಲವನ್ನೂ ತಿನ್ನುವವರಿಗೆ ಯಾವ ಹೋಟೆಲಾದರೂ ಸರಿ. ‘ಇದು ಬೇಡ, ಅದು ಬೇಡ’ ಅನ್ನುವವರೇ ಹುಡುಕಿಕೊಂಡು ಬಂದು ಇಲ್ಲಿ ಒಟ್ಟಿಗೆ ಕೂರುತ್ತಾರೆ. ಅವರವರ ಟೇಬಲ್ಲಿನಲ್ಲಿ ಅವರವರು, ಪರಸ್ಪರ ಮಾತು ಆಡದೆಯೂ ಇರಬಹುದು. ಅಷ್ಟಾದರೂ ಆಗುವುದು ಸಣ್ಣ ಸಂಗತಿಯಲ್ಲ.

ತಕರಾರುಗಳೂ ಇವೆ. ಯಹೂದಿ ಮಾಲೀಕನ ಕೋಷರ್ ಹೋಟೆಲು ವಾರದ ವಿಶ್ರಾಂತಿ ದಿನವಾದ ಸಬ್ಬತ್‌ಗಾಗಿ ಶುಕ್ರವಾರ ಸೂರ್ಯ ಮುಳುಗುವ ಮೊದಲು ಮುಚ್ಚಿ, ಶನಿವಾರ ಕತ್ತಲಾದ ಮೇಲೆ ತೆರೆಯಬೇಕು. ಮಾಲೀಕ ಯಹೂದಿ ಅಲ್ಲದಿದ್ದರೆ ಶನಿವಾರವೂ ತೆರೆದಿರಲು ಕೆಲವು ರಬ್ಬಿಗಳು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಹೀಗಾಗಿ ಒಬ್ಬ ಯಹೂದಿ ಖುಷಿಯಾಗಿ ತಿನ್ನುವ ಹೋಟೆಲಿಗೆ ಇನ್ನೊಬ್ಬ ಕಾಲಿಡದೆ ಇರಬಹುದು. ಪಾಸೋವರ್ ಹಬ್ಬದ ವಾರದಲ್ಲಿ ಅಶ್ಕೆನಾಝಿಗಳು ಸಾಂಪ್ರದಾಯಿಕವಾಗಿ ಅಕ್ಕಿ, ಬೇಳೆ ಮುಟ್ಟುವುದಿಲ್ಲ. ಅಕ್ಕಿಯೂ ಬೇಳೆಯೂ ಬೇಡ ಅಂದರೆ ದೋಸೆಯಲ್ಲಿ ಉಳಿಯುವುದೇನು? ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸಿದ್ದರೆ ಆ ವಾರ ಅದು ಯಾವ ಯಹೂದಿಗೂ ಆಗದು.

ನೀವು ಸಸ್ಯಾಹಾರಿಗಳಾದರೆ ಒಂದು ಕಿವಿಮಾತು. ಅಮೆರಿಕದ ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಕೋಷರ್ ಗುರುತನ್ನು ನಮ್ಮ ಹಸಿರು ಚುಕ್ಕಿ ಅಂದುಕೊಳ್ಳಬೇಡಿ. ಗುರುತಿನ ಪಕ್ಕದಲ್ಲಿ ‘ಡಿ’ ಅಕ್ಷರವಿದ್ದರೆ ಡೈರಿ ಎಂದರ್ಥ, ಮಾಂಸ ಇರುವುದಿಲ್ಲ, ಆದರೆ ಮೊಟ್ಟೆ ಇರಬಹುದು. ‘ಪಾರೆವ್’ ಅಂತಿದ್ದರೆ ಮಾಂಸವೂ ಇಲ್ಲ, ಹಾಲೂ ಇಲ್ಲ. ಆದರೆ ಮೊಟ್ಟೆ ಮತ್ತು ಮೀನು ಕೂಡ ಅವರ ಲೆಕ್ಕದಲ್ಲಿ ಪಾರೆವ್! ಹಾಗಾಗಿ ಹಿಂದೆ ತಿರುಗಿಸಿ ಏನೇನು ಹಾಕಿದ್ದಾರೆ ಅಂತ ಓದಲೇಬೇಕು. ಹೋಟೆಲಾದರೆ ‘ಕೋಷರ್’ ಜೊತೆಗೆ ‘ವೆಜಿಟೇರಿಯನ್’ ಅನ್ನುವ ಪದವೂ ಇದೆಯೇ ನೋಡಿ. ಯಹೂದಿ ಸ್ನೇಹಿತರನ್ನು ಕರೆದುಕೊಂಡು ಹೋಗುವುದಾದರೆ ಯಾವ ರಬ್ಬಿಯ ಸರ್ಟಿಫಿಕೇಟ್, ಅವಧಿ ಮುಗಿದಿಲ್ಲವೇ ಎಂದು ಅವರನ್ನೇ ನೋಡಲು ಹೇಳಿ. ಸಾಮಾನ್ಯವಾಗಿ ಅದನ್ನು ಬಾಗಿಲ ಹತ್ತಿರವೋ ಗಲ್ಲಾದ ಹಿಂದೆಯೋ ತೂಗು ಹಾಕಿರುತ್ತಾರೆ.