ಗುಂಡಿಗೆ ಗಟ್ಟಿ ಇದ್ದರೆ ಸಾಕಾ?

ದಾವಣಗೆರೆಯ ಹೋಟೆಲೊಂದರಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ಕೂತಿದ್ದೆ. ಎದುರಿಗಿದ್ದ ಹಿರಿಯರು ಪೇಪರ್ ಮಡಚಿಟ್ಟು, "ಯುದ್ಧವಿಮಾನ ಓಡ್ಸೋರಿಗೆ ಗುಂಡಿಗೆ ಗಟ್ಟಿ ಬೇಕು ನೋಡ್ರಿ. ಆ ಸ್ಪೀಡಿಗೆ ನಾವಾದ್ರೆ ತಲೆ ತಿರುಗಿ ಬೀಳ್ತೀವಿ" ಅಂದರು.

ಗುಂಡಿಗೆ ಮಾತು ಅವರು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಿಜ. ಸ್ಪೀಡಿನ ಮಾತು ಮಾತ್ರ ತಪ್ಪು.

ಭೂಮಿ ನಮ್ಮನ್ನು ಹೊತ್ತು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತಿದೆ. ಲೋಟದ ಚಹಾ ತುಳುಕುತ್ತಾ? ಕಷ್ಟ ಇರುವುದು ತಿರುವಿನಲ್ಲಿ. ಚಿತ್ರದುರ್ಗದ ಬಸ್ಸು ಹೆದ್ದಾರಿಯಲ್ಲಿ ನೇರ ಓಡುವಾಗ ನಿದ್ದೆ ಬರುತ್ತೆ. ಗಕ್ಕನೆ ತಿರುಗಿದರೆ ಪಕ್ಕದವರ ಮೇಲೆ ಬೀಳುತ್ತೇವೆ. ಮುಂದೆ ಎಷ್ಟು ನಿಂಬೆಹಣ್ಣು ಕಟ್ಟಿದ್ದರೂ ಅಷ್ಟೇ.

ಗಂಟೆಗೆ 600 ಕಿಲೋಮೀಟರ್ ವೇಗದ ವಿಮಾನ 600 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಒಳಗಿರುವ ಎಲ್ಲದರ ತೂಕ ಹತ್ತಿರಹತ್ತಿರ 5 ಪಟ್ಟು. ಇದೇ 5 ಜಿ, ಅಂದರೆ ಭೂಮಿಯ ಸೆಳೆತದ ಐದು ಪಟ್ಟು. ಐದು ಕೆಜಿಯ ತಲೆ ಈಗ 25 ಕೆಜಿ ಅಕ್ಕಿ ಚೀಲ. ರಕ್ತವೂ ಅಷ್ಟೇ ಭಾರ. ಹೃದಯದಿಂದ ಮಿದುಳಿಗೆ ಇರುವುದು ಒಂದಡಿ ಎತ್ತರ. ಆದರೆ ಪಂಪು ಅದೇ ಇದ್ದು, ಒಂದು ಮಹಡಿಯ ಮನೆ ಐದು ಮಹಡಿಗೆ ಬೆಳೆದ ಹಾಗೆ! ಮೇಲಿನ ನಲ್ಲಿಗೆ ನೀರು ಹತ್ತಲ್ಲ. ಮೊದಲು ಒಣಗುವ ನಲ್ಲಿ ಕಣ್ಣು. ಗುಡ್ಡೆಯೊಳಗಿನ ಒತ್ತಡವೂ ರಕ್ತವನ್ನು ತಡೆಯುತ್ತದೆ. ಬಣ್ಣ ಮಾಸುತ್ತದೆ, ಅಂಚು ಕಪ್ಪಾಗುತ್ತದೆ, ಆಮೇಲೆ ಪೂರ್ತಿ ಕತ್ತಲು. ಎಚ್ಚರ ಇರುತ್ತೆ, ಕಾಣಿಸಲ್ಲ. ಇನ್ನೂ ಎಳೆದರೆ ಎಚ್ಚರವೂ ಹೋಗುತ್ತದೆ.

ಅದಕ್ಕೇ ಪೈಲಟ್‌ಗಳು ಗರಡಿಮನೆಯಲ್ಲಿ ಗುಂಡು ಎತ್ತುವವರ ಹಾಗೆ ಕಾಲು, ಹೊಟ್ಟೆ ಬಿಗಿದು ತಿಣುಕುತ್ತಾರೆ. ಮೂರು ಸೆಕೆಂಡಿಗೊಮ್ಮೆ ಗಬಕ್ಕನೆ ಉಸಿರು. ಗಾಳಿ ತುಂಬಿ ಕಾಲು, ಹೊಟ್ಟೆ ಹಿಸುಕುವ ಜಿ-ಸೂಟ್ ಸ್ವಲ್ಪ ನೆರವಾಗುತ್ತದೆ.

1971ರ ಡಿಸೆಂಬರ್ 14, ಶ್ರೀನಗರ. ಬಾಂಬ್ ಬೀಳುತ್ತಿದ್ದ ರನ್‌ವೇಯಿಂದಲೇ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಪುಟ್ಟ ನ್ಯಾಟ್ ವಿಮಾನ ಏರಿಸಿದರು. ಎದುರಿಗೆ ಪಾಕಿಸ್ತಾನದ 6 ಸೇಬರ್ ಯುದ್ಧವಿಮಾನ. ಕಾಳಗ ನಡೆದದ್ದು ಮರದ ತುದಿಯೆತ್ತರದಲ್ಲಿ. ಅಲ್ಲಿ ಬಿಗಿಯಾಗಿ ತಿರುಗಿದರೆ ಕಣ್ಣು ಕತ್ತಲು, ಸಡಿಲ ಬಿಟ್ಟರೆ ಬೆನ್ನಿಗೆ ಗುಂಡು. ಎರಡೇ ಸೆಕೆಂಡ್ ಮೈಮರೆತರೂ ನೆಲ. ಅವರು ವಾಪಸ್ ಬರಲಿಲ್ಲ. ವಾಯುಪಡೆಗೆ ಬಂದಿರುವ ಪರಮವೀರ ಚಕ್ರ ಅದೊಂದೇ.

ಇಷ್ಟು ಹೇಳುವಷ್ಟರಲ್ಲಿ ನನ್ನ ದೋಸೆ ಆರಿತ್ತು. ಹಿರಿಯರು ಬಿಲ್ ಹಿಡಿದು ದಡಕ್ಕನೆ ಎದ್ದವರು ಟೇಬಲ್ ಹಿಡಿದುಕೊಂಡು ನಿಂತುಬಿಟ್ಟರು. "ಕಣ್ಣು ಕತ್ತಲು ಬಂತು ನೋಡ್ರಿ. ಇದು ಎಷ್ಟು ಜಿ?"

"ಒಂದೇ ರೀ" ಅಂದೆ.